ನಿಂತಲ್ಲೇ ಓಟ

ಆಟ ಎಂಬುದು ಮಕ್ಕಳಿಗೆ ಅಪಾಯಕಾರಿ ಎಂದು ಆ ಶಾಲೆಯಲ್ಲಿ ದೃಢಪಟ್ಟ ಗಳಿಗೆಯಲ್ಲಿ ಯಾವ ಮಗುವೂ ಆಟ ಆಡುತ್ತಿರಲಿಲ್ಲ. ಆಡಳಿತ ಮಂಡಳಿ ಅಧ್ಯಕ್ಷರ ಮೊಮ್ಮಗನಿಗೆ ಚಮಚ-ನಿಂಬೆ ಓಟದಲ್ಲಿ ಮೂರನೇ ಬಹುಮಾನ ಬಂದಿತ್ತು. ಅದನ್ನು ಈಸಿಕೊಳ್ಳಲು ವೇದಿಕೆ ಹತ್ತುವಾಗ ಎಡವಿ ಗಲ್ಲ ಒಡೆದುಕೊಂಡ. ಆ ವೇದಿಕೆಯ ಮೆಟ್ಟಿಲು ಕಟ್ಟಿಸಿದವರು ಅಧ್ಯಕ್ಷರ ಬಾಮೈದ. ಒಂದು ಮೆಟ್ಟಿಲು ಕುಳ್ಳಗೆ, ಇನ್ನೊಂದು ಎತ್ತರಕ್ಕೆ. ಆದ್ದರಿಂದ ತಪ್ಪು ಓಟದ್ದೇ ಎಂದು ತೀರ್ಮಾನವಾಯಿತು. ಹುಡುಗ ಓಡದೆ ಇದ್ದಿದ್ದರೆ ಗೆಲ್ಲುತ್ತಿರಲಿಲ್ಲ, ಗೆಲ್ಲದೆ ಇದ್ದಿದ್ದರೆ ಹತ್ತುತ್ತಿರಲಿಲ್ಲ.

ಗಲ್ಲದ ಪಟ್ಟಿ ಬಿಚ್ಚುವ ಮೊದಲೇ 'ಮಕ್ಕಳ ಆಟ ಆಯ್ಕೆ ಹಾಗೂ ಗಾಯ ನಿವಾರಣಾ ಸಮಿತಿ' ಹುಟ್ಟಿಕೊಂಡಿತು. ಅದರಲ್ಲಿ ಅಧ್ಯಕ್ಷರು, ಹೆಡ್‌ಮಾಸ್ಟರು, ಶಾಲೆಯ ಗುಮಾಸ್ತರು. ಹೆತ್ತವರ ಕಡೆಯಿಂದ ಯೂನಿಫಾರಂ ಹೊಲಿಯುವ ಟೈಲರಮ್ಮ. ಸದಾ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವ ಹೆಂಗಸು, ಎದುರು ಮಾತಾಡಿಯಾಳೆಂಬ ಭಯವಿಲ್ಲ ಅಂತ ಉಳಿದವರ ಧೈರ್ಯ.

ಟೈಲರಮ್ಮನಿಗೆ ಒಬ್ಬಳೇ ಮಗಳು, ಬುಗುರಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಒಂದು ಕಡೆ ನಿಂತರೆ ತಾನೆ ಆ ಹೆಸರು ಅಂಟೋದು? ಮುಂದಿನ ತಿಂಗಳು ಅಂತರಶಾಲಾ ಓಟ. ಬುಗುರಿಯ ವಯಸ್ಸಿಗೆ ಅದೇ ಕೊನೆ, ಬರುವ ವರ್ಷದಿಂದ ಅವಳಷ್ಟು ದೊಡ್ಡ ಹುಡುಗಿಯರಿಗೆ ಓಟವೇ ಇಲ್ಲ.

"ಅಮ್ಮಾ, ಸಮಿತೀಲಿ ನೀನಿದೀಯಲ್ಲ, ಓಟದ ಪರ ಒಂದು ಮಾತು ಹೇಳೇ" ಎಂದು ಹುಡುಗಿ ಮಿಷಿನ್ನಿನ ಸುತ್ತ ಗಿರಕಿ ಹೊಡೆಯಿತು.

"ಬಿದ್ದು ಕಾಲು ಮುರ್ಕೊಂಡ್ರೆ ನನ್ನ ಮಿಷಿನ್ನು ಯಾರೇ ತುಳೀತಾರೆ?"

"ಮುರಿಯೋದು ನನ್ನ ಕಾಲು. ತುಳಿಯೋದು ನಿನ್ನ ಕಾಲು."

"ಬಾಯಿ ನೋಡು ಇದರದ್ದು! ಆಯ್ತು, ಹೇಳ್ತೀನಿ ಹೋಗು."

ಸಮಿತಿಯ ಮೊದಲ ನಿಯಮ ಹೀಗಿತ್ತು: 'ಪ್ರತಿ ಆಟದ ಅಪಾಯವನ್ನು ಸದಸ್ಯರು ಖುದ್ದಾಗಿ ಆಡಿ ಪರೀಕ್ಷಿಸತಕ್ಕದ್ದು. ಮಕ್ಕಳ ಮೇಲೆ ಪರೀಕ್ಷಿಸುವುದು ಕ್ರೌರ್ಯವೆನಿಸುತ್ತದೆ.' ಗಂಡಸು ಸದಸ್ಯರೆಲ್ಲ ಕುರ್ಚಿಯಿಂದ ಏಳುವಾಗಲೇ ಅಮ್ಮಾ ಅಪ್ಪಾ ಅನ್ನುವವರು. ಆದರೂ ಮಕ್ಕಳ ಹಿತ ನೋಡಿ, ಕರ್ತವ್ಯಕ್ಕೆ ಹಿಂಜರಿಯಲಿಲ್ಲ.

ಮೊದಲು ಫುಟ್‌ಬಾಲ್. ಹೆಡ್‌ಮಾಸ್ಟರು ಬೀಸಿ ಒದ್ದರು. ಚೆಂಡು ಅಲ್ಲೇ ಉಳಿಯಿತು, ಬೂಟು ಹೋಗಿ ಗುಮಾಸ್ತರ ಕಿವಿಗೆ ಬಡಿಯಿತು, ಹೆಡ್‌ಮಾಸ್ಟರು ಅಂಗಾತ ಬಿದ್ದರು. ಒಂದೇ ಒದೆತಕ್ಕೆ ಇಬ್ಬರಿಗೆ ಗಾಯ, ಆದ್ದರಿಂದ ಫುಟ್‌ಬಾಲ್ ರದ್ದು. ಈಜುಕೊಳ ಇರಲಿಲ್ಲವಾಗಿ ಗುಮಾಸ್ತರು ಬಕೆಟ್ಟಿನಲ್ಲಿ ಮುಖ ಅದ್ದಿದರು. ಮೂಗಿಗೆ ನೀರು ಹೋಯಿತು, ಈಜು ರದ್ದು. ಚದುರಂಗಕ್ಕಾದರೂ ಅಡ್ಡಿಯಿಲ್ಲ ಅಂದುಕೊಂಡರೆ, ಅಧ್ಯಕ್ಷರು ಸೋಲೊಪ್ಪದೆ ಊಟದ ಹೊತ್ತು ಮೀರಿ ಕೂತು ಸೊಂಟ ಹಿಡಿಸಿಕೊಂಡರು. ಇಬ್ಬರು ಹಿಡಿದು ಎಬ್ಬಿಸಿದರೂ ಕುರ್ಚಿಯ ಆಕಾರದಲ್ಲೇ ಕಾರು ಹತ್ತಿದರು. ಎದುರಿಗೆ ಆಡುತ್ತಿದ್ದ ಗುಮಾಸ್ತರು ಮೂರು ಸಲ ಗೆಲ್ಲುವ ದಾರಿ ಕಂಡೂ ಗೆಲ್ಲಲಿಲ್ಲವಂತೆ, ಸಂಸಾರಸ್ಥ, ಪಾಪ.

ಓಟದ ಪರೀಕ್ಷೆಗೆ ಉಳಿದವಳು ಟೈಲರಮ್ಮ ಒಬ್ಬಳೇ. ಪಿನ್ನುಗಳನ್ನು ಉಗಿದು, ಚಪ್ಪಲಿ ಬಿಟ್ಟು, ಅಳತೆ ಟೇಪು ಕೊರಳಲ್ಲೇ ಇರುವಂತೆ ಓಡಿದಳು. ಹಳದಿ ಟೇಪು ಹಿಂದೆ ಬಾಲದ ಹಾಗೆ ಹಾರುತ್ತಿತ್ತು. ಮೈದಾನ ಒಂದು ಸುತ್ತು ಬಂದು ವರಾಂಡದ ಮುಂದೆ ನಿಂತಾಗ ಮುಖ ಕೆಂಪಾಗಿತ್ತು. ಹೆಂಗಸು ನಗುತ್ತಿದ್ದಳು ಬೇರೆ.

"ಎಲ್ಲಿ ನೋವಾಯ್ತಮ್ಮ?" ಹೆಡ್‌ಮಾಸ್ಟರು ಪೆನ್ನು ಹಿಡಿದು ಕೇಳಿದರು.

"ಎಲ್ಲೂ ಇಲ್ಲ ಸಾರ್."

"ಸರಿಯಾಗಿ ನೋಡ್ಕೊಳಿ. ಹಿಮ್ಮಡಿ? ಪಕ್ಕೆ? ಎಲ್ಲಾದ್ರೂ ಒಂದು ಚೂರು?"

"ಇನ್ನೊಂದು ಸುತ್ತು ಬರ್ಲಾ ಸಾರ್?"

ಸಮಿತಿಯವರ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಕಾಫಿ ತರಿಸಿ ಕುಡಿದು, ಠರಾವು ಬರೆದರು: 'ಇತರ ಆಟಗಳ ಅಪಾಯ ಕಣ್ಣಿಗೆ ಕಾಣುತ್ತದೆ. ಓಟದ ಅಪಾಯ ಎಷ್ಟು ಹುಡುಕಿದರೂ ಕಾಣಲಿಲ್ಲ. ಕಾಣದಂತೆ ಅವಿತಿರುವ ಅಪಾಯವೇ ಹೆಚ್ಚು ಭೀಕರವಾದ್ದರಿಂದ, ಓಟವನ್ನು ಅತ್ಯಂತ ಅಪಾಯಕಾರಿ ಆಟವೆಂದು ಘೋಷಿಸಲಾಗಿದೆ.'

ಹಾಗಂತ ಅಂತರಶಾಲಾ ಓಟಕ್ಕೆ ಹೋಗದೆ ಇರುವಂತೆಯೂ ಇಲ್ಲ. ಅಲ್ಲಿಗೆ ಮುಖ್ಯ ಅತಿಥಿ ನಮ್ಮ ಅಧ್ಯಕ್ಷರೇ. ಆದ್ದರಿಂದ 'ನಿಂತಲ್ಲೇ ಓಟ' ಎಂಬುದನ್ನು ಕಂಡುಹಿಡಿಯಲಾಯಿತು. ಸೀಟಿ ಊದಿದ ಕೂಡಲೇ ಮಕ್ಕಳು ಗೆರೆಯ ಮೇಲೆ ನಿಂತು ಮನಸ್ಸಿನಲ್ಲೇ ಓಡತಕ್ಕದ್ದು.

"ಸಾರ್, ನಿಂತೋರು ಬಿದ್ದರೆ?" ಗುಮಾಸ್ತರು ಕೇಳಿದರು.

ಒಳ್ಳೆ ಪ್ರಶ್ನೆ. ಬಾಮೈದನ ಹಾಸಿಗೆ ಅಂಗಡಿಯಲ್ಲಿ ಮಾರಾಟವಾಗದ ಹತ್ತಿ ಗುಡ್ಡೆ ಬಿದ್ದಿತ್ತು. ಶಾಲೆಯ ಎಲ್ಲ ಮಕ್ಕಳಿಗೂ ಅದನ್ನು ತುಂಬಿದ ರಕ್ಷಣಾ ಉಡುಪು ಕಡ್ಡಾಯವಾಯಿತು.

ಟೈಲರಮ್ಮ ಮೇಜಿನ ಅಂಚು ಹಿಡಿದು ಎದ್ದಳು. "ಸಾರ್, ಓಟದ ವಿಷಯದಲ್ಲಿ ನಂದೊಂದು ಮಾತು…"

"ಹೊಲಿಗೆ ಪೂರ್ತಿ ನಿಮಗೇ ಕಣಮ್ಮ" ಎಂದರು ಅಧ್ಯಕ್ಷರು. "ಪ್ರತಿ ವರ್ಷಾನೂ. ಏನೋ ಹೇಳ್ತಿದ್ರಿ?"

ಟೈಲರಮ್ಮ ಪಿನ್ನಿನ ಡಬ್ಬಿ ತೆಗೆದು ಒಂದೊಂದಾಗಿ ತುಟಿಗೆ ಕಚ್ಚಿಕೊಂಡಳು. ಮನೆಗೆ ಹೋಗಿ ಮಗಳ ಸುತ್ತಳತೆ ತೆಗೆದುಕೊಂಡಳು. ಹುಡುಗಿ ಕೈ ಅಗಲಿಸಿ ಅಲ್ಲಾಡದೆ ನಿಂತಿತ್ತು. ಅದು ಹಾಗೆ ನಿಂತದ್ದು ಅದೇ ಮೊದಲು.

ಓಟದ ದಿನ ಬೇರೆ ಶಾಲೆಗಳ ಮಕ್ಕಳು ಚಡ್ಡಿ ಬನಿಯನ್ನಿನಲ್ಲಿ ಬಂದರು, ಇವರ ಮಕ್ಕಳು ದಿಂಬುಗಳಾಗಿ ಬಂದರು. ಎಷ್ಟು ಹತ್ತಿ ಎಂದರೆ ಮೂಗು ತುರಿಸಲು ಪಕ್ಕದವರ ಕೈ ಬೇಕು. ಸೀಟಿ ಕೂಗಿತು. ಬೇರೆಯವರು ಓಡಿದರು. ಇವರು ನಿಂತರು. ಅಧ್ಯಕ್ಷರು ವೇದಿಕೆಯ ಮೇಲಿಂದ ಹೆಮ್ಮೆಯಿಂದ ನೋಡಿದರು.

ಆಗ ಸಾಲಿನ ಕೊನೆಯಲ್ಲಿದ್ದ ಬುಗುರಿ ಮೆಲ್ಲಗೆ ವಾಲಿತು, ಬಿತ್ತು, ಉರುಳಿತು. ಮೈದಾನ ಗೆಲುವಿನ ಗೆರೆಯ ಕಡೆಗೆ ಇಳಿಜಾರು. ಮೊದಲು ನಿಧಾನವಾಗಿ, ಆಮೇಲೆ ಕಣ್ಣಿಗೆ ಕಾಣದ ಹಾಗೆ ಉರುಳಿ, ಓಡುತ್ತಿದ್ದವರನ್ನೆಲ್ಲ ಹಿಂದೆ ಹಾಕಿ, ಗೆರೆ ದಾಟಿ, ನೀರಿನ ಡ್ರಮ್ಮಿಗೆ ಬಡಿದು ನಿಂತಿತು. ಮೈಮೇಲೆ ಒಂದು ತರಚು ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಮಿತಿ ಅಲ್ಲೇ ವಿಚಾರಣೆಗೆ ಕೂತಿತು.

"ಓಡಿದ್ಯಾ?" ಹೆಡ್‌ಮಾಸ್ಟರು ಗದರಿಸಿದರು.

"ಇಲ್ಲ ಸಾರ್, ಗಾಳಿಗೆ ಬಿದ್ದೆ."

"ಬಿದ್ದವಳು ಬಿದ್ದಲ್ಲೇ ಇರ್ಬೇಕು ತಾನೆ? ಇಲ್ಲಿಗೆ ಹೇಗೆ ಬಂದೆ?"

"ಬಟ್ಟೆ ಕರ್ಕೊಂಡು ಬಂತು ಸಾರ್."

ಗಾಳಿ ಇತ್ತೇ ಎಂದು ಎಲ್ಲರೂ ತಲೆ ಎತ್ತಿ ವೇದಿಕೆಯ ಬಾವುಟ ನೋಡಿದರು. ಅದು ಒಣಗಲು ಹಾಕಿದ ಟವೆಲ್ಲಿನಂತೆ ತೆಪ್ಪಗೆ ಜೋತುಬಿದ್ದಿತ್ತು. ಆದರೆ ಹುಡುಗಿಯ ತಪ್ಪು ಅಂದರೆ ಕಡ್ಡಾಯದ ಉಡುಪಿನಲ್ಲೂ ಮಕ್ಕಳು ಓಡಬಹುದು ಅಂತಾಗುತ್ತದೆ, ಉಡುಪಿನ ತಪ್ಪು ಅಂದರೆ ಬಾಮೈದನ ಹತ್ತಿಗೆ ಕಳಂಕ. ಹೀಗಾಗಿ ತೀರ್ಪು ಬಂತು: 'ವಿದ್ಯಾರ್ಥಿನಿ ನಿಯಮದಂತೆ ನಿಂತೇ ಇದ್ದಳು. ಮುಂದೆ ಹೋದದ್ದು ಉಡುಪು. ಆದ್ದರಿಂದ ಟ್ರೋಫಿ ಉಡುಪಿಗೆ ಸಲ್ಲತಕ್ಕದ್ದು.'

ಆ ಉಡುಪು ಈಗ ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿ ಟ್ರೋಫಿ ತಬ್ಬಿಕೊಂಡು ನಿಂತಿದೆ. ಬೇರೆ ಶಾಲೆಯವರೂ ಬಂದು ನೋಡಿ, ಹುಬ್ಬೇರಿಸಿ, ತಮಗೂ ಅಂಥದ್ದೇ ಬೇಕೆಂದು ಬರೆಸಿ ಹೋದರು. ಹೆತ್ತವರಿಗೂ ಸಮಾಧಾನ, ಮಕ್ಕಳು ಇಟ್ಟ ಕಡೆ ಇರುತ್ತವೆ. ಗೆದ್ದ ಉಡುಪಿನ ಅನುಭವದಿಂದ ಒಂದು ತಿದ್ದುಪಡಿ ಮಾತ್ರ ಬಂದಿದೆ: ಮುಂದೆ ಉಡುಪು ತಾನಾಗಿ ಹೊರಟುಹೋಗದಂತೆ ಕೆಳ ಅಂಚಿಗೆ ಮರಳು ತುಂಬತಕ್ಕದ್ದು. ಬಾಮೈದನಿಗೆ ಮರಳಿನ ವ್ಯಾಪಾರವೂ ಇರುವುದು ಎಲ್ಲರಿಗೂ ಅನುಕೂಲವಾಯಿತು.

ಟೈಲರಮ್ಮನ ಮನೆಗೆ ಎರಡನೇ ಮಿಷಿನ್ನು ಬಂದಿದೆ. ಬುಗುರಿ ಅದರ ಪಕ್ಕ ಕೂತು ಮರಳಿನ ಚೀಲ ಒಂದೊಂದಾಗಿ ಎತ್ತಿಕೊಡುತ್ತದೆ.

"ಅಮ್ಮಾ, ಅವತ್ತು ನೀನು ಓಡಿದ್ಯಲ್ಲ. ಹೇಗಿತ್ತು?"

ಟೈಲರಮ್ಮ ತುಟಿಯಿಂದ ಪಿನ್ನುಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಭಾರಿ ಅಪಾಯ ಕಣೇ. ನಿಲ್ಲಿಸೋಕೆ ಮನಸ್ಸೇ ಬರಲ್ಲ."

ಆಮೇಲೆ ಪಿನ್ನುಗಳನ್ನು ಮತ್ತೆ ಕಚ್ಚಿಕೊಂಡು, ಮಗಳ ಹೊಸ ಉಡುಪಿನ ಅಂಚಿಗೆ ಮಾತ್ರ, ಮರಳು ಒಂದು ಚೂರೂ ಸೋರದ ಹಾಗೆ, ಎರಡೆರಡು ಹೊಲಿಗೆ ಹಾಕಿದಳು.