ಬಾನೆಟ್ಟಿನ ಮೇಲೆ ಮೈದಾ

ಚಾಮರಾಜಪುರಂನ ಸುಂದರೇಶ ಮನೆಯಲ್ಲಿ ಕಾರಿದ್ದೂ ನಂಜನಗೂಡಿನ ಉಪನಯನಕ್ಕೆ ಬಸ್ಸಿನಲ್ಲಿ ಹೋದ. ಕಾರು ಧೂಳಾಗುತ್ತದೆ ಎಂಬುದು ಕಾರಣ. ಅವನ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಸೋಫಾದ ಮೇಲೆ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಹಳೆಯ ಸೀರೆ. ಕಾರಿನ ಸೀಟುಗಳಿಗೆ ಶೋರೂಮಿನವರು ಹಾಕಿದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಕೂತರೆ ಹಪ್ಪಳ ಮುರಿದಂತೆ ಸದ್ದು.

ಅವನ ಹೆಂಡತಿ ಅಲಮೇಲುವಿಗೆ ಇದ್ದದ್ದು ಒಂದೇ ಆಸೆ. ಭಾನುವಾರ ಸಂಜೆ ಅರಮನೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಳ್ಳುವ ಹೊತ್ತಿಗೆ, ಗಾಜು ಇಳಿಸಿಕೊಂಡು, ತಾನೇ ಕಾರು ಓಡಿಸುತ್ತ ಅದರ ಸುತ್ತ ಒಂದು ಸುತ್ತು ಬರಬೇಕು. ಮದುವೆಯಾದಾಗಿನಿಂದ ಆ ಬೆಳಕನ್ನು ಅವಳು ಸಿಟಿ ಬಸ್ಸಿನಲ್ಲಿ ನಿಂತು, ಯಾರದೋ ಹೆಗಲಿನಾಚೆ, ಚೂರು ಚೂರಾಗಿಯೇ ನೋಡಿದ್ದಳು. ಕಾಲೇಜಿನ ಕೆಮಿಸ್ಟ್ರಿ ಪಾಠದಿಂದ ನಿವೃತ್ತಳಾದ ಮೇಲೆ ಡ್ರೈವಿಂಗ್ ಕಲಿತು, ಒಂದೇ ಸಲಕ್ಕೆ ಪಾಸಾಗಿ ಲೈಸೆನ್ಸ್ ತಂದಳು. ಸುಂದರೇಶ ಲೈಸೆನ್ಸಿಗೂ ಒಂದು ಕವರು ತಂದುಕೊಟ್ಟ. ಕೀ ಮಾತ್ರ ಕೊಡಲಿಲ್ಲ.

ಕೇಳಿದಾಗಲೆಲ್ಲ ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ಟನ್ನು ಸವರಿ ತೋರಿಸುವನು. ಬರಿಗೈಗೆ ತಿಳಿಯದ ಒರಟುತನ ಚೀಲ ತೊಟ್ಟ ಕೈಗೆ ತಿಳಿಯುತ್ತದೆ. ಪಕ್ಕದ ಮಾವಿನ ಮರದ ಅಂಟು, ಗಾಳಿಯಲ್ಲಿ ಬಂದ ಪುಡಿ, ಎಲ್ಲ ಬಣ್ಣಕ್ಕೆ ಕಚ್ಚಿಕೊಂಡು ಚರ್ರ್ ಎನ್ನುತ್ತಿತ್ತು.

“ಇದಕ್ಕೆ ಅಂತಾನೇ ಒಂದು ಜೇಡಿಮಣ್ಣಿನ ಬಿಲ್ಲೆ ಬರುತ್ತೆ ಕಣೆ. ಅದರಲ್ಲಿ ಉಜ್ಜಿ ನುಣುಪಾದ ದಿನ ಕೀ ನಿನ್ನ ಕೈಗೆ. ಅಲ್ಲೀವರೆಗೂ ರೋಡಿಗೆ ಬೇಡ.”

ಆ ಬಿಲ್ಲೆ ಅಂಗಡಿಯಲ್ಲಿ ಸಿಕ್ಕರೆ ಕಂಪನಿ ಸರಿಯಿಲ್ಲ, ಆನ್‌ಲೈನಿನಲ್ಲಿ ಸಿಕ್ಕರೆ ಅಸಲಿಯೋ ನಕಲಿಯೋ. ಹೀಗೇ ಭಾನುವಾರಗಳು ಕಳೆದಿದ್ದವು.

ಇವತ್ತೂ ಭಾನುವಾರ. ಉಪನಯನಕ್ಕೆ ಹೋದ ಗಂಡ ಬರುವುದು ಸಂಜೆಗೆ. ಅಲಮೇಲು ಕಾರಿನ ಮುಂದೆ ನಿಂತು ಯೋಚಿಸಿದಳು. ಆ ಬಿಲ್ಲೆ ಮಾಡುವ ಕೆಲಸವಾದರೂ ಏನು? ಮೆತ್ತಗಿದ್ದು, ಜಾರುತ್ತ ಹೋಗಿ, ಕಚ್ಚಿಕೊಂಡ ಕಣಗಳನ್ನು ತನಗೆ ಅಂಟಿಸಿಕೊಳ್ಳುತ್ತದೆ, ಅಷ್ಟೇ. ಅಂಥ ಗುಣದ ವಸ್ತು ಅಡುಗೆಮನೆಯಲ್ಲೇ ಇತ್ತು. ಮೈದಾ ನಾದಿ ಮುದ್ದೆ ಮಾಡಿದಳು. ಬಾನೆಟ್ಟಿಗೆ ಸೋಪಿನ ನೀರು ಬಳಿದು ಉಜ್ಜಿದಳು.

ಮುದ್ದೆ ಕರಗಿ ಹರಡಿತು. ಬಿಸಿಲಿಗೆ ಒಣಗಿ ಬಾನೆಟ್ಟು ಸಿನಿಮಾ ಪೋಸ್ಟರಿಗೆ ಕಾದಿರುವ ಗೋಡೆಯಂತಾಯಿತು. ಪೋಸ್ಟರಿನ ಅಂಟು ಮಾಡುವುದೇ ಮೈದಾದಿಂದ ಎಂಬುದು ಕೆಮಿಸ್ಟ್ರಿ ಮೇಡಂಗೆ ಆಗ ಹೊಳೆಯಿತು.

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಪಾರ್ವತಮ್ಮ ಇಣುಕಿದರು. “ಏನ್ರೀ ಅಲಮೇಲಮ್ಮ, ಕಾರಿಗೆ ಹೋಳಿಗೆ ಕಣಕ ಮೆತ್ತ್‌ಬುಟ್ಟಿದ್ದೀರಲ್ಲ. ಹೂರಣ ಎಲ್ಲಿ?”

ವಿಷಯ ತಿಳಿದ ಪಾರ್ವತಮ್ಮ ಜಿಡ್ಡಿಗೆ ಸೀಗೆಪುಡಿಯೇ ಸರಿ ಎಂದು ಡಬ್ಬಿಯೊಂದಿಗೆ ಬಂದರು. ಎದುರು ಮನೆಯ ಏಕಾಂತಯ್ಯ ತೆಂಗಿನ ನಾರು ಹಿಡಿದು ಬಂದರು. ತಮ್ಮ ಸ್ಕೂಟರನ್ನು ತಾವು ಅದರಲ್ಲೇ ಉಜ್ಜುವುದಂತೆ. ಆ ಸ್ಕೂಟರಿಗೆ ಮೊದಲು ಯಾವ ಬಣ್ಣವಿತ್ತೆಂದು ಈಗ ಯಾರೂ ಹೇಳಲಾರರು. ಅಲಮೇಲು ಒಂದು ಕೈಯಲ್ಲಿ ಡಬ್ಬಿಯನ್ನೂ ಇನ್ನೊಂದರಲ್ಲಿ ನಾರನ್ನೂ ತಡೆಯುತ್ತಿರುವಾಗ, ಇಬ್ಬರೂ ತೆರೆದಿಟ್ಟು ಬಂದ ಗೇಟಿನಿಂದ ಹಸುವೊಂದು ಒಳಗೆ ಬಂದು ಬಾನೆಟ್ಟನ್ನು ನೆಕ್ಕತೊಡಗಿತು. ಅದರ ಕೊಂಬು ಹೆಡ್‌ಲೈಟಿಗೆ ಒಂದು ಬೆರಳಿನಷ್ಟು ದೂರದಲ್ಲಿ ತೂಗುತ್ತಿತ್ತು.

“ಬುಡಿ, ಗೋಮಾತೆ. ಒಳ್ಳೇದಾಯ್ತದೆ,” ಎಂದರು ಪಾರ್ವತಮ್ಮ.

ಒಳ್ಳೆಯದಕ್ಕೆ ಕಾಯುವಷ್ಟು ಧೈರ್ಯ ಅಲಮೇಲುವಿಗಿರಲಿಲ್ಲ. ಉಳಿದ ಮುದ್ದೆಯನ್ನು ಹಸುವಿನ ಮೂಗಿಗೆ ತೋರಿಸುತ್ತ ಹಿಂದೆ ಹಿಂದೆ ನಡೆದು ಗೇಟು ದಾಟಿಸಿದಳು. ಹಸು ಅರ್ಧ ಮುದ್ದೆ ಕಿತ್ತುಕೊಂಡು ಹೊರಟಿತು. ಉಳಿದರ್ಧದ ಜೊಲ್ಲು ತೊಳೆಯಲು ಅಂಗಳದ ನಲ್ಲಿ ಬಿಟ್ಟು ಹಿಸುಕಿದಳು. ನೀರು ಹಾಲಿನಂತೆ ಬಿಳುಪಾಗಿ ಹರಿಯಿತು, ಆಮೇಲೆ ತಿಳಿಯಾಯಿತು. ಕೈಯಲ್ಲಿ ಉಳಿದದ್ದು ರಬ್ಬರಿನಂತೆ ಜಗ್ಗುವ, ಕರಗದ ಒಂದು ಗಂಟು. ಗಂಜಿಯೆಲ್ಲ ತೊಳೆದುಹೋಗಿ ಹಿಟ್ಟಿನ ಜಿಗುಟಷ್ಟೇ ಉಳಿದಿತ್ತು. ಪ್ರತಿ ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದಳು, ಕೈಯಲ್ಲಿ ಹಿಡಿದಿರಲಿಲ್ಲ.

ಬಾನೆಟ್ಟನ್ನು ತೊಳೆದು, ಮತ್ತೆ ಸೋಪಿನ ನೀರು ಬಳಿದು, ಆ ಗಂಟಿನಿಂದ ಮೆಲ್ಲಗೆ ಸವರಿದಳು. ತಿರುಗಿಸಿ ನೋಡಿದರೆ ಅದರ ತುಂಬ ಸಾಸಿವೆಯ ಒಗ್ಗರಣೆಯಂತೆ ಕಪ್ಪು ಚುಕ್ಕೆಗಳು. ಇನ್ನಷ್ಟು ಮೈದಾ ನಾದಿ ತೊಳೆದಳು. ಬಾಗಿಲು, ಡಿಕ್ಕಿ, ಟಾಪು. ಏಕಾಂತಯ್ಯ ಕುರ್ಚಿ ಹಾಕಿಸಿಕೊಂಡು ಕೂತು ಎಡಕ್ಕೆ, ಬಲಕ್ಕೆ ಎಂದು ಸಲಹೆ ಕೊಟ್ಟರು. ಪಾರ್ವತಮ್ಮ ಕಾಫಿ ತಂದರು, ಅರ್ಧ ತಾವೇ ಕುಡಿದರು. ಬಿಸಿಲು ಇಳಿಯುವ ಹೊತ್ತಿಗೆ ಅಲಮೇಲು ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ಟನ್ನು ಸವರಿದಳು. ಸದ್ದಿಲ್ಲ.

ಸೊಂಟ ಹಿಡಿದುಕೊಂಡಿತ್ತು. ಆದರೂ ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ಮಲ್ಲಿಗೆ ಮುಡಿದು, ಲೈಸೆನ್ಸನ್ನು ಪರ್ಸಿನಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಗಾಜು ಇಳಿಸಿದರೆ ಗಾಳಿಗೆ ಹೂವು ಬಿದ್ದೀತೇ ಎಂದು ಇನ್ನೊಂದು ಪಿನ್ನು ಸಿಕ್ಕಿಸಿಕೊಂಡಳು.

ಸುಂದರೇಶ ಗೇಟಿನಲ್ಲೇ ನಿಂತುಬಿಟ್ಟ. ತಾಂಬೂಲದ ಚೀಲ ಖಾಲಿ ಮಾಡಿ ಕೈಗೆ ತೊಟ್ಟು ಬಾನೆಟ್ಟನ್ನು ಸವರಿದ. ಬಾಗಿಲನ್ನು ಸವರಿದ. ಟಾಪನ್ನು ಎರಡೆರಡು ಸಲ ಸವರಿದ. ಅವನ ಕಣ್ಣು ಒದ್ದೆಯಾಯಿತು.

“ಬೆಣ್ಣೆ ಕಣೆ ಅಲಮೇಲು. ಬೆಣ್ಣೆ.”

ಅವಳು ಮೆಟ್ಟಿಲಿನಿಂದ ಎದ್ದು ಬಂದಳು. ಅಂಗೈ ಚಾಚಿದಳು.

ಸುಂದರೇಶ ಒಳಗೆ ಓಡಿದ. ಬೀರು ತೆರೆದ ಸದ್ದಾಯಿತು. ಬರುವಾಗ ಅವನ ಬೆರಳಿನಲ್ಲಿ ಕೀ ಇತ್ತು. ಕಂಕುಳಲ್ಲಿ, ಹಾಳಾಗದಿರಲೆಂದು ಇಷ್ಟು ದಿನ ಬಿಚ್ಚದೆ ಇಟ್ಟಿದ್ದ, ಕಾರಿನ ಹೊಸ ಕವರು. ಕೀಯನ್ನು ಅವಳ ಅಂಗೈಗಿಟ್ಟ. “ತಗೋ. ಮಾತು ಅಂದ್ರೆ ಮಾತು. ಇನ್ಮೇಲೆ ನಿನ್ನ ಹತ್ರಾನೇ ಇರಲಿ.” ಆಮೇಲೆ ಕವರಿನ ಒಂದು ತುದಿಯನ್ನು ಏಕಾಂತಯ್ಯನವರಿಗೆ ಕೊಟ್ಟ.

“ಇದ್ಯಾಕೆ ಈಗ?” ಎಂದಳು ಅಲಮೇಲು.

“ಯಾಕೆ ಅಂದ್ರೆ? ಇಂಥಾದ್ದನ್ನ ಯಾರಾದ್ರೂ ರೋಡಿಗೆ ಬಿಡ್ತಾರೇನೇ? ಒಂದು ಸುತ್ತು ಹೋದ್ರೆ ಮತ್ತೆ ಒರಟಾಗುತ್ತೆ. ನಿನ್ನ ಶ್ರಮ ಎಲ್ಲ ನೀರುಪಾಲು.”

ಪಾರ್ವತಮ್ಮ ಹೌದೆಂದರು. ಏಕಾಂತಯ್ಯ ಕವರಿನ ದಾರ ಬಿಗಿದು ಗಂಟು ಹಾಕಿದರು.

ಎಲ್ಲರೂ ಹೋದ ಮೇಲೆ ಅಲಮೇಲು ಆ ಗಂಟು ಬಿಚ್ಚಿ, ಕವರಿನಡಿ ನುಸುಳಿ, ಕಾರಿನ ಬಾಗಿಲು ತೆರೆದು ಕೂತಳು. ಸೀಟಿನಲ್ಲಿ ಹಪ್ಪಳ ಮುರಿದ ಸದ್ದಾಯಿತು. ಅರಮನೆಯ ದೀಪ ಹತ್ತುವ ಹೊತ್ತು. ಎದುರಿಗೆ ಬರೀ ಬೂದು ಬಟ್ಟೆ. ಸ್ಟೀರಿಂಗ್ ಹಿಡಿದಳು. ಆಮೇಲೆ ಕೀ ತಿರುಗಿಸಿ ಬಲಕ್ಕೆ ಇಂಡಿಕೇಟರ್ ಹಾಕಿದಳು. ಹೊಸ ಕವರಿನ ಒಳಮೈಗೆಲ್ಲ ಹಳದಿ ಬೆಳಕು ಹತ್ತಿಕೊಂಡಿತು, ಆರಿತು, ಮತ್ತೆ ಹತ್ತಿಕೊಂಡಿತು.

“ಅಲಮೇಲೂ,” ಹೊರಗಿನಿಂದ ಸುಂದರೇಶನ ದನಿ ಬಂತು, “ಬ್ಯಾಟರಿ ಕಣೆ.”