ಹಿಂದಿನ ಸೀಟಿನ ಮಾತು ಮುಂದಕ್ಕೆ ಕೇಳಿಸಿದ ಬಗ್ಗೆ

ಹಳೆಯ ಕಾರುಗಳ ಒಳಮೈಗೆ ಸದ್ದಡಗಿಸುವ ಹಗುರ ಹಾಳೆಯನ್ನೂ ತುಕ್ಕು ತಡೆಯುವ ಲೇಪನವನ್ನೂ ತಯಾರಿಸುವ ಸಂಸ್ಥೆಯ ವ್ಯವಸ್ಥಾಪಕರ ದಿವ್ಯ ಸನ್ನಿಧಾನಕ್ಕೆ, ಕನ್ನಡಕದ ಅಂಗಡಿಯವನೊಬ್ಬ ಅಂಟು ಇನ್ನೂ ಪೂರ್ತಿ ಬಿಡದ ಕೈಗಳನ್ನು ಜೋಡಿಸಿ ಮಾಡಿಕೊಳ್ಳುವ ಬಹಿರಂಗ ದೂರು.

ಮಾನ್ಯರೇ,

ತಾವೂ ತಮ್ಮ ಕಾರ್ಖಾನೆಯೂ ಸದ್ದುಗದ್ದಲವಿಲ್ಲದೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾವೂ ಕ್ಷೇಮ. ಆದರೆ ನಮ್ಮ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸತೊಡಗಿದೆ. ಅದಕ್ಕೆ ತಾವೇ ನೇರ ಹೊಣೆ.

ನನ್ನ ಮಾವನವರು ಓಡಿಸಿ, ಕೊನೆಗೆ ನನ್ನ ಪಾಲಿಗೆ ಬಿಟ್ಟುಹೋದ ಕಾರು ನೋಡಲು ಗಂಭೀರವಾಗಿದ್ದರೂ ಬಾಯಿಬಡುಕ. ನೆಲದ ತಗಡು ಒಂದು ರಾಗ ಹಿಡಿದರೆ ಬಾಗಿಲುಗಳು ಇನ್ನೊಂದು ಹಿಡಿಯುತ್ತಿದ್ದವು, ಗೇರು ಬದಲಿಸಿದರೆ ಅಟ್ಟದಿಂದ ಪಾತ್ರೆ ಉರುಳಿದಂತಾಗುತ್ತಿತ್ತು. ಈ ಗದ್ದಲದಲ್ಲಿ ಮುಂದೆ ನಾನು ಮತ್ತು ನನ್ನ ಹೆಂಡತಿ, ಹಿಂದೆ ಅತ್ತೆಯವರು ಮತ್ತು ಮಗಳು, ನೆಮ್ಮದಿಯಿಂದ ಓಡಾಡಿಕೊಂಡಿದ್ದೆವು. ಅತ್ತೆಯವರಿಗೆ ಕಿವಿ ಮಂದವಾದ್ದರಿಂದ ಮಗಳು ಅವರ ಕಿವಿಯ ಪಕ್ಕ ಕೂಗಿ ಕೂಗಿ ಏನೋ ಹೇಳುತ್ತಿದ್ದಳು. ನನಗೆ ಕನ್ನಡಿಯಲ್ಲಿ ಅವಳ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಅಜ್ಜಿಗೂ ಮೊಮ್ಮಗಳಿಗೂ ಎಷ್ಟೊಂದು ಪ್ರೀತಿ ಎಂದುಕೊಂಡು ಸ್ಟೇರಿಂಗ್ ತಿರುಗಿಸುತ್ತಿದ್ದೆ.

ಹೀಗಿರುವಾಗ ತಮ್ಮ ಜಾಹೀರಾತು ಕಣ್ಣಿಗೆ ಬಿತ್ತು. ಮಗಳೇ ಮುಂದೆ ನಿಂತು ಸೀಟು, ಮ್ಯಾಟು ಎಲ್ಲ ಕಿತ್ತಳು, ನೆಲದ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು ಲೇಪನ ಹೊಡೆದಳು. ಅದು ಒಣಗಿದ ಮೇಲೆ ತಮ್ಮ ಹಾಳೆಗಳನ್ನು ಎಲ್ಲೆಂದರಲ್ಲಿ ಅಂಟಿಸಲು ಹೊರಟ ನನ್ನ ಕೈ ಹಿಡಿದು, ಗೆಣ್ಣಿನಿಂದ ತಗಡನ್ನು ತಟ್ಟಿ ತೋರಿಸಿದಳು. “ಅಪ್ಪ, ಇಲ್ಲಿ ಕೇಳು, ಖಾಲಿ ಡಬ್ಬದ ಥರ ಸದ್ದು ಬರ್ತಿದೆ. ಇಲ್ಲಿ ಮಾತ್ರ ಅಂಟಿಸಿದ್ರೆ ಸಾಕು. ಪೂರ್ತಿ ಮುಚ್ಚಿದ್ರೆ ಭಾರ ಜಾಸ್ತಿಯಾಗಿ ಪಾಪ, ಗಾಡಿ ಏರಲ್ಲಿ ಏದುಸಿರು ಬಿಡತ್ತೆ.” ರೋಲರ್ ಹಿಡಿದು ಒಂದೊಂದು ಮೂಲೆಯನ್ನೂ ಒತ್ತುವಾಗ ಅವಳ ಮುಖ ಬೆಳಗುತ್ತಿದ್ದುದನ್ನು ನೋಡಿ, ಇದೆಲ್ಲ ಅಪ್ಪನ ಮೇಲಿನ ಅಕ್ಕರೆ ಎಂದು ನಾನು ಉಬ್ಬಿಹೋದೆ. ಅದೇ ಉಬ್ಬಿನಲ್ಲಿ ‘ತಂದೆ ಮತ್ತು ಮಗಳು, ಕನ್ನಡಕದ ಮಳಿಗೆ’ ಎಂಬ ಹೊಸ ಬೋರ್ಡನ್ನೂ ಬರೆಸಿಬಿಟ್ಟೆ.

ಕೆಲಸ ಮುಗಿದ ಮೊದಲ ಭಾನುವಾರ ನಾಲ್ವರೂ ನಾದಿನಿಯ ಮನೆಗೆ ಹೊರಟೆವು. ಆಹಾ! ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ನಾನು ಮನಸ್ಸಿನಲ್ಲೇ ತಮಗೆ ಹಾರ ಹಾಕುತ್ತಿದ್ದೆ. ಆದರೆ ಸದ್ದು ಹೋದರೂ ಅಭ್ಯಾಸ ಹೋಗುತ್ತದೆಯೇ? ಹಿಂದಿನ ಸೀಟಿನಿಂದ ಮಗಳು ಎಂದಿನ ಹಾಗೆಯೇ ಕೂಗಿದಳು:

“ಅಜ್ಜೀ, ಆ ಬೋರ್ಡು ನೋಡಿದಾಗಿಂದ ನಿದ್ದೆ ಬರ್ತಿಲ್ಲ. ನನಗೆ ಕನ್ನಡಕದ ಅಂಗಡಿ ಬೇಡ. ಹಳೇ ಕಾರು ರಿಪೇರಿ ಶೆಡ್ಡಿನವರು ಕೆಲಸಕ್ಕೆ ಬಾ ಅಂದಿದಾರೆ. ಅಪ್ಪನಿಗೆ ಹೇಗೆ ಹೇಳ್ಲಿ?”

ಅತ್ತೆಯವರು ಅದಕ್ಕಿಂತ ಜೋರಾಗಿ, “ಬಾಯಿ ಬಿಟ್ಟು ಹೇಳು! ನಿಮ್ಮಪ್ಪನಿಗೂ ರೇಡಿಯೋ ರಿಪೇರಿ ಹುಚ್ಚಿತ್ತು. ಅವರಪ್ಪ ಅಂಗಡಿಯ ಬೀಗದ ಕೈ ಕೊಟ್ರು, ಇವನು ತಲೆ ತಗ್ಗಿಸಿ ತಗೊಂಡ. ನೀನೂ ಹಾಗೇ ಮಾಡ್ತೀಯಾ?” ಎಂದರು.

ನಾನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಹೆಂಡತಿ ಕಿಟಕಿಯಾಚೆ ಅಷ್ಟೊಂದು ಶ್ರದ್ಧೆಯಿಂದ ನೋಡುತ್ತಿದ್ದುದರಿಂದ ಅವಳಿಗೂ ವಿಷಯ ಮೊದಲೇ ಗೊತ್ತಿತ್ತೆಂದು ತಿಳಿಯಿತು. ಮಗಳು ಸಣ್ಣ ದನಿಯಲ್ಲಿ, “ಅಪ್ಪ, ಕೇಳಿಸ್ತಾ?” ಎಂದಳು. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ತಲೆ ತಗ್ಗಿಸಿ ಬೀಗದ ಕೈ ತೆಗೆದುಕೊಂಡ ದಿನ ನನಗೂ ನೆನಪಿತ್ತು; ಇಂಜಿನ್ ಆರಿಸಿ ಹಿಂದಕ್ಕೆ ತಿರುಗಿದೆ. “ಕೇಳಿಸ್ತು ಮಗಳೇ. ಮುಂದೆ ಬಂದು ಕೂತ್ಕೊ. ಇನ್ನೊಂದು ಸಲ ಹೇಳು, ಈ ಸಲ ನನಗೆ ಹೇಳು” ಎಂದೆ. ತಾಯಿ ಹಿಂದಕ್ಕೆ ಹೋದಳು, ಮಗಳು ಮುಂದಕ್ಕೆ ಬಂದಳು. ನಾದಿನಿಯ ಮನೆ ದಾಟಿ ಬಹಳ ದೂರ ಹೋದ ಮೇಲೆಯೇ ನಮಗೆ ಅದರ ನೆನಪಾದದ್ದು.

ಈಗ ಅವಳು ಆ ಶೆಡ್ಡಿನಲ್ಲಿದ್ದಾಳೆ. ಗ್ರೀಸು ಮೆತ್ತಿಕೊಂಡು ಮನೆಗೆ ಬಂದು, ಊಟಕ್ಕೆ ಕೂತು, ಯಾರದೋ ಕಾರಿನ ಬಾಗಿಲಿನ ಗುಣಗಾನ ಮಾಡುತ್ತಾಳೆ. ನಾನು ಬಾಯಿ ತೆರೆದುಕೊಂಡು ಕೇಳುತ್ತೇನೆ.

ಮಾನ್ಯರೇ, ಇಷ್ಟು ಸೊಗಸಾಗಿ ನನ್ನ ಸಂಸಾರದ ಗುಟ್ಟು ಬಯಲು ಮಾಡಿದ ತಮ್ಮಲ್ಲಿ ಕೆಲವೇ ವಿನಂತಿಗಳು. ಮಗಳ ಮಾತನ್ನು ಮುಂದಿನ ಸೀಟಿಗೆ ಬಿಟ್ಟು, ನನ್ನ ಡ್ರೈವಿಂಗ್ ಬಗ್ಗೆ ಅತ್ತೆಯವರು ಕೊಡುವ ಸಲಹೆಗಳನ್ನು ಮಾತ್ರ ತಡೆಯುವಂಥ ಹಾಳೆಯನ್ನು ತಾವು ಶೀಘ್ರವೇ ಕಂಡುಹಿಡಿಯಬೇಕು. ಹಾಗೆಯೇ, “ನಾನು ಆಗಲೇ ಹೇಳಿದ್ದೆ” ಎಂಬ ಹೆಂಡತಿಯ ವಾಕ್ಯ ತಾಗಿದರೂ ಗೀರು ಬೀಳದಂತೆ ಗಂಡನ ಮೈಗೆ ಹಚ್ಚಬಹುದಾದ ಲೇಪನವೊಂದನ್ನು, ಸಾಧ್ಯವಾದರೆ ಚರ್ಮದ ಬಣ್ಣದಲ್ಲೇ, ದಯಪಾಲಿಸಬೇಕು.

ಕಿವಿ ತೆರೆದು ಕಾದಿರುವ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ತಮ್ಮ ಲೇಪನದ ಡಬ್ಬಿಯ ಮೇಲೆ ‘ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ’ ಎಂದಿದೆ. ಯಾರನ್ನು ಎಂದು ಬರೆದಿಲ್ಲ. ಬಳಸಿದ ಮೇಲೆ ನಾವು ನಾಲ್ವರೂ ಅಲುಗಾಡಿದ್ದೇವೆ. ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳುವುದು.