ಒಂದು ಡಬ್ಬಿ, ಎರಡು ಹಿಸ್ಸೆ

ಮಧ್ವೇಶ ಮಾಸ್ತರರು ರವಿವಾರ ಮಾಡಿದ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಸೋಮವಾರ ಬೆಳಿಗ್ಗೆ ಚಹಾದಂಗಡಿಯಲ್ಲಿ ಕುಳಿತು ಸಾಲೆಯ ಗುಮಾಸ್ತ ಹಯಾತಸಾಹೇಬರಿಗೆ ಹೇಳಿದ್ದೇ ತಪ್ಪಾಯಿತು. ಹಯಾತಸಾಹೇಬರು ಒಳ್ಳೆಯ ಮನುಷ್ಯ. ಅವರ ಹೊಟ್ಟೆಯಲ್ಲಿ ನಾಲ್ಕು ಕಪ್ ಬಿಸಿ ಚಹಾ ನಿಲ್ಲುತ್ತಿತ್ತು, ಅರ್ಧ ಕಪ್ ಬಿಸಿ ಸುದ್ದಿ ನಿಲ್ಲುತ್ತಿರಲಿಲ್ಲ.

ಅದು ಎಂಬತ್ತೆಂಟನೆಯ ಇಸವಿ. ಹಾನಗಲ್ಲಿನಲ್ಲೊಂದು, ಹಿರೇಕೆರೂರಿನಲ್ಲೊಂದು ಹೈಸ್ಕೂಲು ನಡೆಸುತ್ತಿದ್ದ ಶಿಕ್ಷಣ ಮಂಡಳಿ ಆ ವರ್ಷ ಒಂದೇ ಒಂದು ಕಂಪ್ಯೂಟರು ತರಿಸಿ ಹಾನಗಲ್ಲಿನಲ್ಲಿ ಇರಿಸಿತ್ತು. ಗಣಿತದ ಹಂಗಾಮಿ ಮಾಸ್ತರರಾಗಿದ್ದ ಮಧ್ವೇಶ ಅದರ ಜೊತೆ ಬಂದ ಪುಸ್ತಕ ಓದಿ ಓದಿ ಕಂಪ್ಯೂಟರ ಮಾಸ್ತರರೂ ಆಗಿಬಿಟ್ಟಿದ್ದರು. ಅದನ್ನು ನಡೆಸುವ ಡಾಸ್ ಎಂಬ ವ್ಯವಸ್ಥೆ ಮೊದಲಿನಿಂದಲೂ ಒಳಗಿತ್ತು. ರವಿವಾರ ಮಧ್ವೇಶ ಅದರ ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿ, ಹುಬ್ಬಳ್ಳಿಯ ಗೆಳೆಯನಿಂದ ತಂದ ಹದಿನೈದು ಫ್ಲಾಪಿಗಳನ್ನು ಒಂದೊಂದಾಗಿ ಉಣ್ಣಿಸಿ, ಝೆನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಕೂರಿಸಿದ್ದರು. ಚಾಲೂ ಮಾಡುವಾಗ ಯಾವುದನ್ನು ಕರೆದರೆ ಅದು ಬರುತ್ತಿತ್ತು. ಒಂದು ಬಂದಾಗ ಇನ್ನೊಂದು ಸುಮ್ಮನಿರುತ್ತಿತ್ತು.

ಮನೆಯಿಂದ ಹೊರಡುವಾಗಲೇ ಹೆಂಡತಿ ಶಾಮಲಾ ಎಚ್ಚರಿಸಿದ್ದಳು.

“ಇವತ್ತೊಂದಿನ ಬಾಯಿ ಮುಚಗೊಂಡು ಇರ್ರಿ. ಅಧ್ಯಕ್ಷರು ಬರ್ತಾರ, ಕಾಯಂ ಆರ್ಡರಿಗೆ ಸಹಿ ಮಾಡ್ತಾರ. ತೊಗೊಂಡು ಸೀದಾ ಮನೀಗೆ ಬರ್ರಿ. ಯಾರಿಗೂ ಏನೂ ತಿಳಿಸಿ ಹೇಳ್ಲಿಕ್ಕೆ ಹೋಗಬ್ಯಾಡ್ರಿ. ನೀವು ತಿಳಿಸಿ ಹೇಳಿದ್ದು ಇಲ್ಲೀತನಕಾ ಯಾರಿಗೂ ತಿಳದಿಲ್ಲ.”

ಆಕೆ ಹೀಗೆ ಹೇಳುವುದಕ್ಕೆ ಕಾರಣವಿತ್ತು. ಆರು ವರ್ಷದಿಂದ ಮಂಡಳಿ ಮಧ್ವೇಶರನ್ನು ಪ್ರತಿ ಏಪ್ರಿಲಿನಲ್ಲಿ ಮನೆಗೆ ಕಳಿಸುತ್ತಿತ್ತು, ಪ್ರತಿ ಜೂನಿನಲ್ಲಿ ಹೊಸ ಪತ್ರ ಕೊಟ್ಟು ಕರೆಸುತ್ತಿತ್ತು. ನಡುವಿನ ದಿನಗಳಲ್ಲಿ ಅವರು ಕಟ್ಟೆಯ ಮೇಲೆ ಕುಳಿತು ಅಂಚೆಯವನ ದಾರಿ ಕಾಯುತ್ತಿದ್ದರು, ಓಣಿಯವರು ಅವರನ್ನು ನೋಡಿ ಅಯ್ಯೋ ಪಾಪ ಅನ್ನುತ್ತಿದ್ದರು. ಆ ಅವಸ್ಥೆ ಇವತ್ತಿಗೆ ಮುಗಿಯುವುದರಲ್ಲಿತ್ತು.

ಹತ್ತೂವರೆಗೆ ಸಾಲೆಗೆ ಬಂದರೆ ಕಂಪ್ಯೂಟರ ಕೋಣೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಶಿಕ್ಷಕರೆಲ್ಲ ಕರು ಹಾಕಿದ ಆಕಳನ್ನು ನೋಡಲು ಬಂದವರಂತೆ ಮೇಜಿನ ಸುತ್ತ ನಿಂತಿದ್ದರು.

“ಒಂದಿದ್ದದ್ದು ಎರಡಾತಂತಲ್ರಿ!” ಎಂದರು ಹೆಡ್‌ಮಾಸ್ತರರು. “ಹಯಾತಸಾಹೇಬ್ರು ಹೇಳಿದ್ರು. ನಾ ಆಗಲೇ ಟೈಮ್‌ಟೇಬಲ್ ಬರದೇನಿ. ಮೂರನೇ ತಾಸಿಗೆ ಎಂಟನೇತ್ತೆ ಅ ವರ್ಗದವ್ರು ಒಂದರಾಗ, ಬ ವರ್ಗದವ್ರು ಇನ್ನೊಂದರಾಗ.”

“ಹಂಗ ಆಗೂದಿಲ್ರಿ ಸರ್. ಒಂದು ನಡದಾಗ ಇನ್ನೊಂದು ಮಲಗಿರ್ತದ.”

“ಸಾಲಿ ವ್ಯಾಳ್ಯಾದಾಗ ಮಲಗ್ತದ?” ಹೆಡ್‌ಮಾಸ್ತರರ ಹುಬ್ಬು ಮೇಲೇರಿತು. “ಎಬ್ಬಸ್ರಿ ಅದನ್ನ!”

ಮಧ್ವೇಶ ಝೆನಿಕ್ಸ್ ಚಾಲೂ ಮಾಡಿ ತೋರಿಸಿದರು. ತಕ್ಷಣ ಪದ್ಮಾಬಾಯಿ ಟೀಚರು ಎದೆಯ ಮೇಲೆ ಕೈಯಿಟ್ಟುಕೊಂಡರು. ಹೋದ ವಾರ ಅವರು ಇಡೀ ವರ್ಗದ ಮಾರ್ಕ್ಸ್ ಪಟ್ಟಿಯನ್ನು ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಡಾಸಿನಲ್ಲಿ ಇಟ್ಟಿದ್ದರು.

“ನನ್ನ ಪಟ್ಟಿ ಎಲ್ಲಿ ಹೋತ್ರಿ ಮಾಸ್ತರ?”

“ಎಲ್ಲೂ ಹೋಗಿಲ್ರಿ ಬಾಯಾರ. ಅದು ಆ ಬಾಜೂಕ ಅದ. ಈ ಬಾಜೂದಿಂದ ಕಾಣೂದಿಲ್ಲ.”

ಪದ್ಮಾಬಾಯಿ ಮೇಜು ಸುತ್ತಿ ಹೋಗಿ ಕಂಪ್ಯೂಟರಿನ ಡಬ್ಬಿಯ ಆ ಬಾಜೂಕೆ ಬಗ್ಗಿ ನೋಡಿದರು. ಅಲ್ಲಿ ಎರಡು ವಾಯರು, ಒಂದು ಹಲ್ಲಿ ಇದ್ದವು.

ಮಧ್ವೇಶ ಬಂದ್ ಮಾಡಿ ಡಾಸ್ ಎಬ್ಬಿಸಿದರು. ಪಟ್ಟಿ ಬಂತು, ಬಾಯಿಯವರಿಗೆ ಜೀವ ಬಂತು. ಆದರೆ ಹೆಡ್‌ಮಾಸ್ತರರು ಈಗ ಇನ್ನೊಂದು ಎಲ್ಲಿ ಹೋಯಿತೆಂದು ಗಾಬರಿಯಾದರು. ಅದನ್ನು ಎಬ್ಬಿಸಿದರೆ ಮತ್ತೆ ಬಾಯಿಯವರ ಗಾಬರಿ. ಹೀಗೆ ನಾಲ್ಕು ಸಲ ಆಯಿತು. ಕೊನೆಗೆ ಯಾವುದು ಎದ್ದಿದೆ, ಯಾವುದು ಮಲಗಿದೆ ಎಂಬುದು ಮಧ್ವೇಶರಿಗೇ ತಿಳಿಯದಾಯಿತು. ಪರದೆಯ ಮೇಲೆ ಮಿಣಮಿಣ ಎನ್ನುವ ಗೆರೆಯನ್ನು ನೋಡುತ್ತ ಕಣ್ಣು ಪಿಳಿಪಿಳಿ ಬಿಟ್ಟರು.

ಹನ್ನೆರಡಕ್ಕೆ ಮಂಡಳಿಯ ಅಧ್ಯಕ್ಷ ಗುಡ್ಡಪ್ಪಗೌಡರ ಜೀಪು ಬಂತು. ಗೌಡರಿಗೆ ಸಾಲೆಯ ವಿಷಯ ಅಷ್ಟಕ್ಕಷ್ಟೇ. ಆದರೆ ಅಣ್ಣತಮ್ಮಂದಿರ ಹೊಲಮನೆಗಳ ಹಿಸ್ಸೆ ಮಾಡಿಸುವುದರಲ್ಲಿ ಅವರದು ಎತ್ತಿದ ಕೈ. ಅವರು ಪಾಲು ಹಂಚಿದ ಮೇಲೆ ಯಾರೂ ಕೋರ್ಟಿನ ಕಟ್ಟೆ ಹತ್ತಿದ್ದಿಲ್ಲ. ಅಂಥ ಧೈರ್ಯ ಸುತ್ತಮುತ್ತ ಯಾರಿಗೂ ಇರಲಿಲ್ಲ.

“ಗೌಡ್ರ, ನಮ್ಮ ಮಾಸ್ತರು ಒಂದು ಕಂಪ್ಯೂಟರ ಎರಡ ಮಾಡ್ಯಾರ್ರಿ!” ಎಂದು ಹೆಡ್‌ಮಾಸ್ತರರು ಬಾಗಿಲಲ್ಲೇ ಸಾರಿದರು.

ಹೆಂಡತಿಯ ಮಾತು ಮಧ್ವೇಶರಿಗೆ ನೆನಪಾಯಿತು. ಆದರೆ ತಪ್ಪು ಉತ್ತರ ಕೇಳಿ ಸುಮ್ಮನಿರುವುದು ಗಣಿತದ ಮಾಸ್ತರರ ಹಣೆಯಲ್ಲಿ ಬರೆದಿರುವುದಿಲ್ಲ. “ಹಂಗಲ್ರಿ ಗೌಡ್ರ. ಒಂದರಾಗ ಎರಡು ಭಾಗ ಮಾಡೇನ್ರಿ. ಒಂದರದು ಇನ್ನೊಂದಕ್ಕ ಕಾಣೂದಿಲ್ಲ. ಒಂದು ಎದ್ದಾಗ ಇನ್ನೊಂದು ಏಳೂದಿಲ್ಲ.”

ಗೌಡರ ಮುಖ ಅರಳಿತು. ಕಂಪ್ಯೂಟರಿನ ಬಗ್ಗೆ ಅವರಿಗೆ ಅರ್ಥವಾದ ಮೊದಲನೆಯ ಮಾತು ಇದು. “ಅಂದ್ರ ಇಬ್ಬರಿಗೂ ಮಾತಿಲ್ಲ. ಹಿಸ್ಸೆ ಆಗೇತಿ ಅನ್ರಿ!”

“ಹಿಸ್ಸೆ... ಒಂದು ರೀತೀಲೆ ಹೌದ್ರಿ. ಆದ್ರ—”

“ಹಿಸ್ಸೆ ಆದಮ್ಯಾಗ ಒಂದ ಮನ್ಯಾಗ ಇಡ್ತಾರೇನ್ರಿ ಮಾಸ್ತರ? ಇವತ್ತಲ್ಲ ನಾಳೆ ಬಡದಾಡ್ತಾವು. ಹಿರೇಕೆರೂರಿನವ್ರು ನಮಗೂ ಒಂದು ಬೇಕಂತ ನನ್ನ ಜೀವಾ ತಿನ್ನಾಕತ್ತಾರ. ಒಂದು ಅಲ್ಲಿಗೆ ಕಳಸೂಣು.”

“ಅಯ್ಯೋ, ಹಂಗ ಬ್ಯಾರೆ ಮಾಡ್ಲಿಕ್ಕೆ ಬರೂದಿಲ್ರಿ! ಖರೇ ಹೇಳಬೇಕಂದ್ರ ಇರೂದು ಒಂದ—”

ಗೌಡರು ಆಗಲೇ ಕಿಸೆಯಿಂದ ಕಾಯಂ ಆರ್ಡರು ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿದ್ದರು. ಪೆನ್ನು ಕಾಗದದ ಮೇಲೆ ನಿಂತಿತು.

“ಒಂದೋ, ಎರಡೋ? ಒಂದ ಇದ್ರ ನೀವಿಬ್ರೂ ಕೂಡಿ ನನಗ ಸುಳ್ಳು ಹೇಳಿದಂಗಾತು. ಎರಡಿದ್ರ ನೀವು ಶ್ಯಾಣ್ಯಾ ಮಾಸ್ತರ. ಏನ್ ಮಾಡ್ಲಿ, ಸಹಿ ಮಾಡ್ಲೋ, ಬ್ಯಾಡೋ?”

ಹೆಡ್‌ಮಾಸ್ತರರು ಮಧ್ವೇಶರ ಕಾಲು ತುಳಿದರು. ಮಧ್ವೇಶರ ಕಣ್ಣ ಮುಂದೆ ಆರು ಏಪ್ರಿಲುಗಳು ಸಾಲಾಗಿ ಹಾದುಹೋದವು.

“ಎರಡ್ರಿ,” ಎಂದರು. ಹೇಳಿ ನಾಚಿಕೆಯೂ ಆಯಿತು, ಮೈ ಹಗುರವೂ ಆಯಿತು.

ಗೌಡರು ಸಹಿ ಎಳೆದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಮೇಜನ್ನು ನೋಡಿದರು. “ಮ್ಯಾಲಿನ ಟೀವಿ ಒಂದು, ಕೆಳಗಿನ ಡಬ್ಬಿ ಒಂದು. ಹಿಸ್ಸೆದಾಗ ತಮ್ಮ ಮೊದ್ಲು ಆರಿಸಬೇಕು. ಹಿರೇಕೆರೂರು ಸಾಲಿ ಸಣ್ಣದು, ಅದ ತಮ್ಮ. ಭಾರ ಇದ್ದದ್ದು ಅವ್ರಿಗಿರ್ಲಿ. ಡಬ್ಬಿ ಜೀಪಿನ್ಯಾಗ ಇಡ್ರಿ.”

“ಗೌಡ್ರ! ಟೀವಿ ಇಲ್ಲಂದ್ರ ಡಬ್ಬಿಯೊಳಗಿಂದು ಏನೂ ಕಾಣೂದಿಲ್ರಿ!”

“ಒಂದರದು ಇನ್ನೊಂದಕ್ಕ ಕಾಣೂದಿಲ್ಲಂತ ನೀವ ಹೇಳಿದ್ರಲ್ಲ,” ಎಂದರು ಗೌಡರು ಶಾಂತವಾಗಿ.

ಹಯಾತಸಾಹೇಬರು ವಾಯರು ಕಿತ್ತರು. ಕೀಬೋರ್ಡು ಯಾರ ಪಾಲಿಗೆ ಎಂಬ ಪ್ರಶ್ನೆ ಎದ್ದಿತು. ಅದನ್ನು ದೇವರ ಪಾಲೆಂದು ತೆಗೆದಿಟ್ಟು, ಆಫೀಸಿನ ಕಪಾಟಿನಲ್ಲಿಟ್ಟು ಕೀಲಿ ಹಾಕಲು ಗೌಡರು ತೀರ್ಪು ಕೊಟ್ಟರು. ಜೀಪು ಹತ್ತುವ ಮುನ್ನ ಏನೋ ನೆನಪಾಗಿ, ಆರ್ಡರಿನ ಕೆಳಗೆ ಇನ್ನೊಂದು ಸಾಲು ಗೀಚಿ, ಮಡಿಚಿ ಮಧ್ವೇಶರ ಕೈಗಿಟ್ಟರು. ಮಧ್ವೇಶ ಅದನ್ನು ಬಿಚ್ಚಲೂ ಇಲ್ಲ. ಅವರ ಕಣ್ಣೆಲ್ಲ ಡಬ್ಬಿಯ ಮೇಲಿತ್ತು. ಪದ್ಮಾಬಾಯಿ ತಮ್ಮ ಪಟ್ಟಿ ಹೋಯಿತೋ ಉಳಿಯಿತೋ ಎಂದು ಕೇಳುತ್ತ ಜೀಪಿನ ಹಿಂದೆ ಗೇಟಿನವರೆಗೂ ಓಡಿದರು.

ಸಂಜೆ ಮನೆಗೆ ಬಂದಾಗ ಶಾಮಲಾ ಶಿರಾ ಮಾಡಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಗಂಡನ ಮುಖ ನೋಡುವ ಮೊದಲೇ ಆರ್ಡರು ಕಸಿದುಕೊಂಡು ಓದತೊಡಗಿದಳು. “ಇಂದಿನಿಂದ ಕಾಯಂ” ಎಂಬಲ್ಲಿ ಆಕೆಯ ಕಣ್ಣಲ್ಲಿ ನೀರು ಬಂತು. ಕೆಳಗಿನ ಸಾಲಿಗೆ ಬಂದಾಗ ದನಿ ನಿಧಾನವಾಯಿತು.

“ಕಂಪ್ಯೂಟರು ಎರಡಿದ್ದು ಮಾಸ್ತರರು ಒಬ್ಬರೇ ಇರುವ ಕಾರಣ, ಸೋಮವಾರ, ಬುಧವಾರ, ಶುಕ್ರವಾರ ಹಾನಗಲ್ಲ. ಮಂಗಳವಾರ, ಗುರುವಾರ, ಶನಿವಾರ ಹಿರೇಕೆರೂರು.”

ಶಾಮಲಾ ಕಾಗದವನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಬರೆದಿರಲಿಲ್ಲ.

“ಅಲ್ರೀ, ಹಂಗಾದ್ರ ನೀವು ಕಾಯಂ ಆಗಿದ್ದೆಲ್ಲಿ?”

ಮಧ್ವೇಶ ಕಟ್ಟೆಯ ಮೇಲೆ ಕುಸಿದು ಕುಳಿತರು.

“ಬಸ್ಸಿನ್ಯಾಗ.”